ಹಳೆ ಮೆನೊನೈಟ್ ಕ್ವಿಲ್ಟನ್ನು ಕೌದಿ ಥರ ಒಗೆಯಬಹುದಾ?

ಪ್ರಶ್ನೆ: ನಾವು ಧಾರವಾಡದವರು, ಹನ್ನೊಂದು ವರ್ಷದಿಂದ ಕೆನಡಾದ ವಾಟರ್‌ಲೂನಲ್ಲಿದ್ದೇವೆ. ಎರಡು ವರ್ಷದ ಹಿಂದೆ ಪಕ್ಕದ ಹಳ್ಳಿಯ ತೋಟದ ಮನೆಯೊಂದರ ಹರಾಜಿನಲ್ಲಿ ಹಳೆ ಕ್ವಿಲ್ಟ್, ಅಂದರೆ ಬಟ್ಟೆ ತುಂಡು ಜೋಡಿಸಿ ಹೊಲಿದ ಹೊದಿಕೆ, ಕೊಂಡೆ. ಎಂಟು ಸಾಲು, ಸಾಲಿಗೆ ಎಂಟು ಚೌಕ. ಪ್ರತಿ ಚೌಕದ ನಡುವೆ ಚಿಕ್ಕ ಕೆಂಪು ತುಂಡು, ಅದರ ಸುತ್ತ ಸಣ್ಣ ಸಣ್ಣ ಪಟ್ಟಿಗಳು. ದೂರದಿಂದ ನೋಡಿದರೆ ಒಂದರೊಳಗೊಂದು ವಜ್ರಾಕೃತಿ ಕಾಣುತ್ತದೆ. ಇದು ಮೆನೊನೈಟರೆಂಬ ಕ್ರೈಸ್ತ ಪಂಗಡದವರದ್ದು, ಕುದುರೆ ಬಂಡಿಯಲ್ಲಿ ಪೆನ್ಸಿಲ್ವೇನಿಯಾದಿಂದ ಬಂದದ್ದು, 1820ರ ಸುಮಾರಿನದ್ದು, ಪೂರ್ತಿ ಕೈಹೊಲಿಗೆ ಎಂದು ಮಾರಿದವರು ಹೇಳಿದರು. ಆದರೆ ಅಂಚಿನ ಪಟ್ಟಿಯಲ್ಲಿ ಮಷಿನ್ ಹೊಲಿಗೆ ಕಾಣುತ್ತಿದೆ. ಒಂದು ಚೌಕ ತಿರುವಿ ಕೂತಿದೆ. ‘ದೇವರೊಬ್ಬನೇ ಪರಿಪೂರ್ಣ ಅಂತ ಬೇಕೆಂದೇ ಮಾಡುವ ತಪ್ಪು ಅದು’ ಎಂದರು. ಈಗ ಕಂದು ಬಣ್ಣದ ಪಟ್ಟಿಗಳು ಮುಟ್ಟಿದರೆ ಪುಡಿಯಾಗಿ ಉದುರುತ್ತಿವೆ. ಮುಗ್ಗಲು ವಾಸನೆಯೂ ಇದೆ. ಊರಿಂದ ಬಂದಿರುವ ಅಮ್ಮ, ‘ಕೌದಿ ಒಗೆದ ಹಾಗೆ ಅಂಟುವಾಳ ಹಾಕಿ ಒಗೆದು ಬಿಸಿಲಿಗೆ ಹರವು, ಎಲ್ಲ ಸರಿಹೋಗ್ತದ’ ಅನ್ನುತ್ತಾರೆ. ಒಬ್ಬ ಸ್ನೇಹಿತೆ ಚೆನ್ನಾಗಿರೋ ಭಾಗ ಕತ್ತರಿಸಿ ದಿಂಬಿನ ಕವರ್ ಮಾಡಿಸು ಅನ್ನುತ್ತಾಳೆ. ಮುಂದಿನ ವರ್ಷ ಧಾರವಾಡಕ್ಕೆ ವಾಪಸ್ ಹೋಗುವವರಿದ್ದೇವೆ. ಏನು ಮಾಡಲಿ? ಮೋಸ ಹೋದೆನಾ?

ಉತ್ತರ: ಒಗೆಯಬೇಡಿ. ಕತ್ತರಿಯನ್ನೂ ಸದ್ಯಕ್ಕೆ ಒಳಗಿಡಿ. ಮೋಸದ ಮಾತು ಆಮೇಲೆ ನೋಡೋಣ. ನೀವು ಅಂದುಕೊಂಡಷ್ಟು ಮೋಸ ಆಗಿಲ್ಲ.

ನಿಮ್ಮ ಭಯ ಎರಡು. ಕೈಯಲ್ಲಿರುವ ವಸ್ತು ಹಾಳಾಗುತ್ತಿದೆ ಎನ್ನುವುದು ಒಂದು, ಅದರ ಕಥೆಯೇ ಸುಳ್ಳಿರಬಹುದು ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಸಿಗುವುದು ಬಟ್ಟೆಯನ್ನು ಹತ್ತಿರದಿಂದ ನೋಡಿದಾಗಲೇ. ಹಾಗಾಗಿ ಮೊದಲು ಅಮ್ಮನ ಕೌದಿಯ ಮಾತಿನಿಂದ ಶುರು ಮಾಡುತ್ತೇನೆ. ಅವರ ಲೆಕ್ಕಾಚಾರ ಅವರ ಕೌದಿಗೆ ಸರಿಯಾಗಿಯೇ ಇದೆ.

ಕೌದಿಯಲ್ಲಿ ಹಳೆ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ತುಂಡು ಇಟ್ಟು, ಈ ಅಂಚಿಂದ ಆ ಅಂಚಿಗೆ ಒತ್ತಾಗಿ ದಾರ ಓಡಿಸುತ್ತಾರೆ. ಪ್ರತಿ ಬೆರಳಿನಗಲಕ್ಕೆ ಒಂದು ಹೊಲಿಗೆ ಸಾಲು ಎಲ್ಲ ಪದರಗಳನ್ನೂ ಹಿಡಿದಿರುತ್ತದೆ. ಮೇಲಿನ ಬಟ್ಟೆ ಪಿಸಿದರೆ ಕೆಳಗಿನದು ಕಾಣುತ್ತದೆ, ಅಷ್ಟೇ. ಅದರ ಮೇಲೆ ಇನ್ನೊಂದು ಸೀರೆ ಹಾಕಿ ಮತ್ತೆ ಹೊಲಿಯುತ್ತಾರೆ. ಕಲ್ಲಿಗೆ ಬಡಿದರೂ ತಡೆಯುವ ವಸ್ತು ಅದು.

ನಿಮ್ಮ ಹತ್ತಿರ ಇರುವ ಮಾದರಿಯ ಹೆಸರು ‘ಲಾಗ್ ಕ್ಯಾಬಿನ್’. ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟುವ ಮನೆಯ ಹಾಗೆ ಇದರಲ್ಲಿ ಪಟ್ಟಿಗಳನ್ನು ಪೇರಿಸುತ್ತಾರೆ. ಒಂದು ಚೌಕವನ್ನು ಎದುರಿಗಿಟ್ಟುಕೊಂಡು ನೋಡಿ. ನಡುವೆ ಕೆಂಪು ತುಂಡು. ಅದರ ಎರಡು ಪಕ್ಕಕ್ಕೆ ತಿಳಿ ಬಣ್ಣದ ಪಟ್ಟಿ, ಇನ್ನೆರಡು ಪಕ್ಕಕ್ಕೆ ಗಾಢ ಬಣ್ಣದ ಪಟ್ಟಿ. ಅದರ ಹೊರಗೆ ಮತ್ತೊಂದು ಸುತ್ತು, ಮತ್ತೂ ಒಂದು ಸುತ್ತು. ಕೊನೆಗೆ ಚೌಕ ಕರ್ಣದ ಮೇಲೆ ಎರಡು ಭಾಗ ಆಗುತ್ತದೆ: ಅರ್ಧ ಬೆಳಕು, ಅರ್ಧ ನೆರಳು. ಇಷ್ಟೇ ಗುಟ್ಟು. ಅರವತ್ತನಾಲ್ಕೂ ಚೌಕ ಒಂದೇ ಥರ. ಅವನ್ನು ಹೇಗೆ ತಿರುಗಿಸಿ ಜೋಡಿಸುತ್ತೀರಿ ಅನ್ನುವುದರ ಮೇಲೆ ಚಿತ್ರ ಬದಲಾಗುತ್ತದೆ. ನಿಮ್ಮದರ ಹಾಗೆ ವಜ್ರದೊಳಗೆ ವಜ್ರ ಬಂದರೆ ‘ಬಾರ್ನ್ ರೈಸಿಂಗ್’, ಅಂದರೆ ಊರವರೆಲ್ಲ ಸೇರಿ ಕೊಟ್ಟಿಗೆ ಎತ್ತಿ ನಿಲ್ಲಿಸುವುದು. ಓರೆ ಗೆರೆಗಳಾಗಿ ಬಂದರೆ ‘ಸ್ಟ್ರೇಟ್ ಫರೋ’, ನೇಗಿಲ ಸಾಲು. ಹೊಲಿದವಳು ಚೌಕಗಳನ್ನೆಲ್ಲ ಮುಗಿಸಿ ನೆಲದ ಮೇಲೆ ಹರವಿ, ಆಚೆ ಈಚೆ ತಿರುಗಿಸಿ ನೋಡಿ, ಆಮೇಲೆ ತೀರ್ಮಾನ ಮಾಡಬಹುದು. ರಂಗೋಲಿಯ ಚುಕ್ಕಿ ಒಂದೇ ಇದ್ದರೂ ಗೆರೆ ಬೇರೆ ಎಳೆದರೆ ಬೇರೆ ರಂಗೋಲಿ ಆಗೋದಿಲ್ವಾ, ಹಾಗೆ.

ಇಲ್ಲಿ ಪ್ರತಿ ಪಟ್ಟಿಯನ್ನೂ ಅಡಿಯ ಹಳೆ ಬಟ್ಟೆಯೊಂದಕ್ಕೆ ಅಂಚಿನಲ್ಲಿ ಮಾತ್ರ ಹೊಲಿದಿರುತ್ತಾರೆ. ನಡುಭಾಗ ಸುಮ್ನೆ ಕೂತಿರುತ್ತದೆ. ಮೇಲಿಂದ ಕೌದಿಯ ಥರ ದಾರ ಓಡಿರುವುದಿಲ್ಲ. ಪಟ್ಟಿ ಪಿಸಿಯಿತು ಅಂದರೆ ಹಿಡಿದುಕೊಳ್ಳಲು ಏನೂ ಇಲ್ಲ.

ಇನ್ನೊಂದು ಮುಖ್ಯ ವ್ಯತ್ಯಾಸ ಇದೆ. ನೀವು ಕೊಂಡದ್ದು ಒಂದು ಬಟ್ಟೆ ಅಂತ ತಿಳಿಯಬೇಡಿ. ಕಳಿಸಿದ ಫೋಟೋದಲ್ಲೇ ನಾನು ನಲವತ್ತಕ್ಕೂ ಜಾಸ್ತಿ ಬೇರೆ ಬೇರೆ ಬಟ್ಟೆ ಎಣಿಸಿದೆ. ಕೆಲವು ಹತ್ತಿ, ಎರಡು ಮೂರು ಉಣ್ಣೆ. ಒಂದೊಂದರ ವಯಸ್ಸು, ಬಣ್ಣ, ಸ್ವಭಾವ ಬೇರೆ. ಕೂಡು ಕುಟುಂಬ ಇದ್ದ ಹಾಗೆ. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಆಗೋದಿಲ್ಲ.

ಕಂದು ಬಣ್ಣವನ್ನೇ ತೆಗೆದುಕೊಳ್ಳಿ. ಕೊಳೆ, ಇಲಿ, ಹುಳ ಯಾವುದೂ ಅದನ್ನು ತಿಂದಿಲ್ಲ. ಅದನ್ನು ತಿಂದದ್ದು ಅದರ ಬಣ್ಣವೇ. 19ನೇ ಶತಮಾನದ ಎಷ್ಟೋ ಗಾಢ ಕಂದು ಮತ್ತು ಕಪ್ಪು ಬಣ್ಣಗಳಿಗೆ ಚೊಗರು ಮತ್ತು ಕಬ್ಬಿಣದ ಉಪ್ಪು ಬಳಸುತ್ತಿದ್ದರು. ನಮ್ಮಲ್ಲೂ ಅಳಲೆಕಾಯಿಯ ಚೊಗರಿಗೆ ಕಬ್ಬಿಣ ಸೇರಿಸಿದರೆ ಕಪ್ಪು ಬರುತ್ತದೆ, ಅದೇ ಜಾತಿ. ಆ ಕಬ್ಬಿಣ ಗಾಳಿಯ ಜೊತೆ ಸೇರಿ ಹತ್ತಿಯ ನಾರನ್ನು ಒಳಗಿಂದಲೇ ನಿಧಾನಕ್ಕೆ ಸುಡುತ್ತದೆ. ಜೊತೆಗೆ ಆಮ್ಲವೂ ಸೇರಿಕೊಳ್ಳುತ್ತದೆ. ಹಳೆ ಕಾಗದ ಪತ್ರಗಳಲ್ಲಿ ಕಬ್ಬಿಣದ ಶಾಯಿ ಅಕ್ಷರದ ಆಕಾರಕ್ಕೇ ಕಾಗದವನ್ನು ಕೊರೆದಿರುವುದನ್ನು ನೋಡಿರಬಹುದು. ಒಂದು ಭೂತಗನ್ನಡಿ ತಗೊಂಡು ನಿಮ್ಮ ಅಚ್ಚಿನ ಬಟ್ಟೆಗಳನ್ನು ನೋಡಿ. ಗುಲಾಬಿ ನೆಲದ ಮೇಲೆ ಸಣ್ಣ ಕಂದು ಹೂವು ಇರುವ ಕಡೆ, ಹೂವು ಪೂರ್ತಿ ಉದುರಿ ಹೂವಿನ ಆಕಾರದ ತೂತು ಮಾತ್ರ ಉಳಿದಿರುತ್ತದೆ. ಸುತ್ತಲಿನ ಗುಲಾಬಿ ಗಟ್ಟಿಯಾಗೇ ಇರುತ್ತದೆ. ಇದನ್ನು ಮೊದಲ ಸಲ ನೋಡಿದಾಗ ಯಾರೋ ಕತ್ತರಿಯಲ್ಲಿ ಕತ್ತರಿಸಿದ್ದಾರೆ ಅಂತಲೇ ನಾನು ಅಂದುಕೊಂಡಿದ್ದೆ.

ಬೇಜಾರಿನ ಸಂಗತಿ ಏನೆಂದರೆ, ಲಾಗ್ ಕ್ಯಾಬಿನ್‌ನಲ್ಲಿ ನೆರಳಿನ ಅರ್ಧಕ್ಕೆ ಬಳಸುವುದೇ ಈ ಗಾಢ ಬಣ್ಣಗಳನ್ನು. ಅವು ಉದುರಿದರೆ ಅಡಿಯ ತಿಳಿ ಬಟ್ಟೆ ಕಾಣುತ್ತದೆ, ನೆರಳು ಹೋಗುತ್ತದೆ. ನೆರಳು ಹೋದರೆ ವಜ್ರವೂ ಹೋಯಿತು. ನೀವು ಉಳಿಸಬೇಕಾದದ್ದು ಮುಖ್ಯವಾಗಿ ಆ ಕಂದು ಪಟ್ಟಿಗಳನ್ನೇ.

ಒಗೆದರೆ? ನೀರು ಕುಡಿದ ಬಟ್ಟೆಯ ಭಾರಕ್ಕೆ ಈಗಾಗಲೇ ಸುಟ್ಟ ಎಳೆ ತುಂಡಾಗುತ್ತದೆ. ಉಣ್ಣೆ ಕುಗ್ಗುತ್ತದೆ, ಹತ್ತಿ ಅಷ್ಟು ಕುಗ್ಗುವುದಿಲ್ಲ. ಒಂದೇ ಚೌಕದಲ್ಲಿ ಎರಡೂ ಇದ್ದರೆ ಎಳೆದಾಡುತ್ತವೆ. ಕಂದಿನಿಂದ ಬಿಟ್ಟ ಕಲೆ ಪಕ್ಕದ ತಿಳಿ ಬಟ್ಟೆಗೆ ಹರಿದು ಅಂಚು ಕಟ್ಟುತ್ತದೆ. ಆ ಕಾಲದ ‘ಪ್ರಷಿಯನ್ ಬ್ಲೂ’ ಎಂಬ ನೀಲಿಗೆ ಕ್ಷಾರ ಆಗುವುದಿಲ್ಲ, ಸೋಡಾ ಪುಡಿ ತಾಗಿದರೆ ಕೆಟ್ಟುಹೋಗುತ್ತದೆ. ಅಂಟುವಾಳದಲ್ಲಿ ಆ ಕ್ಷಾರ ಇಲ್ಲ, ಅದು ಮೃದುವೇ. ರೇಷ್ಮೆ ಸೀರೆಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಂಟುವಾಳಕ್ಕೆ ತನ್ನದೇ ಕಂದು ಬಣ್ಣ ಇದೆ, ಚೆನ್ನಾಗಿ ಜಾಲಿಸದಿದ್ದರೆ ಉಳಿಯುತ್ತದೆ. ಅಲ್ಲದೆ ಇಲ್ಲಿ ತೊಂದರೆ ಸೋಪಿನದ್ದಲ್ಲ, ನೀರಿನದ್ದು. ಬಿಸಿಲು ಬಣ್ಣವನ್ನೂ ನಾರನ್ನೂ ಎರಡನ್ನೂ ತಿನ್ನುತ್ತದೆ. ಡ್ರೈಕ್ಲೀನಿಂಗ್‌ಗೆ ಕೊಟ್ಟರೆ ದೊಡ್ಡ ಡ್ರಮ್ಮಿನಲ್ಲಿ ಉರುಳಾಡುತ್ತದೆ, ಅದೂ ಬೇಡ.

ಕೆಂಪಿನ ಬಗ್ಗೆ ಒಂದು ಮಾತು. ನಡುವಿನ ಕೆಂಪು ತುಂಡುಗಳು ‘ಟರ್ಕಿ ರೆಡ್’ ಆಗಿದ್ದರೆ ಸಾಮಾನ್ಯವಾಗಿ ಬಣ್ಣ ಬಿಡುವುದಿಲ್ಲ. ಮಂಜಿಷ್ಠದ ಜಾತಿಯ ಬೇರು, ಎಣ್ಣೆ, ಪಟಕ ಹಾಕಿ ಹತ್ತಾರು ಹಂತದಲ್ಲಿ ಕಟ್ಟಿದ ಬಣ್ಣ ಅದು. ಆದರೆ 1884ರಲ್ಲಿ ‘ಕಾಂಗೋ ರೆಡ್’ ಎಂಬ ಅಗ್ಗದ ಕೃತಕ ಕೆಂಪು ಬಂತು. ನೀರು ತಾಗಿದರೆ ಸಾಕು, ಓಕುಳಿ. ಕಣ್ಣಿಗೆ ಎರಡೂ ಒಂದೇ. ನಾನು ಹಳೆ ಬಟ್ಟೆ ಸಂರಕ್ಷಿಸುವ ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಕ್ವಿಲ್ಟಿನ ಕೆಂಪನ್ನು ಏಳು ಕಡೆ ಪರೀಕ್ಷೆ ಮಾಡಿ, ಎಲ್ಲ ಗಟ್ಟಿ ಅಂತ ನೀರಿಗಿಳಿಸಿದೆ. ಎಂಟನೆಯ ತುಂಡು ಯಾವಾಗಲೋ ರಿಪೇರಿಗೆ ಹಾಕಿದ್ದ ಬೇರೆ ಕೆಂಪು. ಅದನ್ನು ನೋಡಿರಲಿಲ್ಲ. ಸುತ್ತಲಿನ ಬಿಳಿಯೆಲ್ಲ ಗುಲಾಬಿ ಆಯಿತು. ಕ್ವಿಲ್ಟಿನ ಒಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಈಗ ಕಥೆಗೆ ಬರೋಣ. ಮಾರಿದವರು ಹೇಳಿದ್ದರಲ್ಲಿ ಊರಿನ ಇತಿಹಾಸ ನಿಜ. ಮೆನೊನೈಟರು 16ನೇ ಶತಮಾನದ ಯುರೋಪಿನಲ್ಲಿ ಹುಟ್ಟಿದ ಕ್ರೈಸ್ತ ಪಂಗಡ. ಹೆಸರು ಬಂದದ್ದು 1536ರಲ್ಲಿ ಕ್ಯಾಥೊಲಿಕ್ ಪಾದ್ರಿತನ ಬಿಟ್ಟ ಮೆನ್ನೊ ಸೈಮನ್ಸ್ ಎಂಬವರಿಂದ. ಆಮಿಶರು 1693ರಲ್ಲಿ ಬೇರೆಯಾದ ಅವರ ದಾಯಾದಿಗಳು. ಕಿರುಕುಳ ತಡೆಯದೆ ಪೆನ್ಸಿಲ್ವೇನಿಯಾ ಸೇರಿದ ಮೆನೊನೈಟರಲ್ಲಿ ಕೆಲವರು 1800ರ ಆಸುಪಾಸಿನಿಂದ ಕಾನೆಸ್ಟೊಗಾ ಎಂಬ ದೊಡ್ಡ ಕುದುರೆ ಬಂಡಿ ಕಟ್ಟಿಕೊಂಡು ನಿಮ್ಮ ವಾಟರ್‌ಲೂ ಕಡೆ ಬಂದರು. 1805ರಲ್ಲಿ ಅಲ್ಲಿ 60,000 ಎಕರೆ ಕೊಂಡರು. ಕಿಚನರ್‌ನಲ್ಲಿರುವ 1816ರ ಷ್ನೈಡರ್ ಮನೆ ಈಗ ಮ್ಯೂಸಿಯಂ, ಅಮ್ಮನನ್ನು ಕರೆದುಕೊಂಡು ಹೋಗಿ.

ಆದರೆ ಕ್ವಿಲ್ಟ್ ಆ ಬಂಡಿಯಲ್ಲಿ ಬಂದಿರುವ ಸಾಧ್ಯತೆ ಇಲ್ಲ ಅಂತಲೇ ಹೇಳುತ್ತೇನೆ. ಲಾಗ್ ಕ್ಯಾಬಿನ್ ಮಾದರಿ ಉತ್ತರ ಅಮೆರಿಕದಲ್ಲಿ ಹಬ್ಬಿದ್ದು 1860ರ ದಶಕದಿಂದ ಈಚೆಗೆ. ಅದೂ ಅಲ್ಲದೆ, ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿ ಕಡೆಯಿಂದ ಬಂದ ಈ ಜನಕ್ಕೆ ಮೊದಮೊದಲು ಕ್ವಿಲ್ಟ್ ಗೊತ್ತೇ ಇರಲಿಲ್ಲ. ಗರಿ ತುಂಬಿದ ಹಾಸಿಗೆ ಹೊದ್ದು ಮಲಗುತ್ತಿದ್ದರು. ತುಂಡು ಜೋಡಿಸುವ ವಿದ್ಯೆ ಕಲಿತದ್ದು ಇಂಗ್ಲಿಷ್ ಮಾತಾಡುವ ಅಕ್ಕಪಕ್ಕದವರಿಂದ. ನಿಮ್ಮದರ ಗುಲಾಬಿ ಮೇಲೆ ಗುಲಾಬಿ ಅಚ್ಚು, ಕಿತ್ತಳೆ ಹಳದಿ, ಕಂದು ಅಚ್ಚುಗಳು ಎಲ್ಲ ಸೇರಿಸಿ ನೋಡಿದರೆ 1870ರಿಂದ 1900ರ ಒಳಗಿನದ್ದು ಎಂಬುದು ನನ್ನ ಅಂದಾಜು. ಸುಮಾರು ನೂರಾ ಮೂವತ್ತು ವರ್ಷ ಹಳೆಯದು, ಕಡಿಮೆ ಏನಲ್ಲ.

ಮಷಿನ್ ಹೊಲಿಗೆಗೆ ಹೆದರಬೇಡಿ. ಸಿಂಗರ್ ಮಷಿನ್ನಿನ ಪೇಟೆಂಟ್ 1851ರದ್ದು. ಆಮೇಲೆ ಅದು ಹಳ್ಳಿ ಹಳ್ಳಿ ಸೇರಿತು. ಕಾರು ಕರೆಂಟು ಬೇಡ ಅನ್ನುವ ಹಳೆ ಪದ್ಧತಿಯ ಮನೆಗಳಲ್ಲೂ ಕಾಲಲ್ಲಿ ತುಳಿಯುವ ಮಷಿನ್ನಿಗೆ ಜಾಗ ಇದೆ. ಉದ್ದದ ಅಂಚಿಗೆ ಮಷಿನ್, ಒಳಗಿನ ಕೆಲಸಕ್ಕೆ ಕೈ, ಇದು ಆ ಕಾಲದ ಹೆಂಗಸರ ಜಾಣತನ. ಮನೆಯಲ್ಲೇ ಮಾಡಿದ್ದು ಅನ್ನುವ ಮಾತಿಗೆ ಇದರಿಂದ ಕುಂದಿಲ್ಲ. ಅಂಚು ಸವೆದಾಗ ಮುಂದಿನ ತಲೆಮಾರಿನವರು ಹೊಸ ಪಟ್ಟಿ ಹಾಕಿರಲೂಬಹುದು.

ಮೆನೊನೈಟರದ್ದೇ ಹೌದಾ? ಮಾದರಿ ನೋಡಿ ಹೇಳಲು ಆಗುವುದಿಲ್ಲ. ಆಮಿಶರ ಹಳೆ ಕ್ವಿಲ್ಟುಗಳು ಹೆಚ್ಚಾಗಿ ಅಚ್ಚಿಲ್ಲದ ಸಾದಾ ಬಟ್ಟೆಯವು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆಯಲ್ಲಿ ನೇರಳೆ, ಕಡುಗೆಂಪು, ಹಸಿರು ಉಣ್ಣೆಯ ದೊಡ್ಡ ದೊಡ್ಡ ತುಂಡು. ಮೆನೊನೈಟರಿಗೆ ಅಚ್ಚಿನ ಬಟ್ಟೆಯ ಮೇಲೆ ಪ್ರೀತಿ ಜಾಸ್ತಿ. ಕಿತ್ತಳೆ ಪಕ್ಕ ಗುಲಾಬಿ, ಅದರ ಪಕ್ಕ ಹಸಿರು ಇಡಲು ಹಿಂದೆಮುಂದೆ ನೋಡುತ್ತಿರಲಿಲ್ಲ. ಉಡುಪು ಸಾದಾ ಇದ್ದರೂ ಹಾಸಿಗೆ ಜಾತ್ರೆ! ಆದರೆ ಬೇಲಿಯಾಚೆಯ ಲೂಥರನ್ ಪಂಗಡದ ಮನೆಯವಳೂ ಅದೇ ಅಂಗಡಿಯ ಬಟ್ಟೆ ಕೊಂಡು ಅದೇ ವಜ್ರ ಹೊಲಿಯುತ್ತಿದ್ದಳು. ಯಾವ ಮನೆಯಿಂದ ಬಂತು ಅನ್ನುವುದೇ ಇಲ್ಲಿ ಸಾಕ್ಷಿ. ನೀವು ಮನೆಯ ಹರಾಜಿನಲ್ಲಿ ಕೊಂಡದ್ದು ಒಳ್ಳೆಯದಾಯಿತು. ಹರಾಜಿನ ರಸೀದಿ, ದಿನಾಂಕ, ಮನೆಯವರು ಹೇಳಿದ ಮಾತು ಎಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಹಿಂಬದಿಯ ಮೂಲೆಯಲ್ಲಿ ಸಣ್ಣ ಅಡ್ಡಹೊಲಿಗೆಯಲ್ಲಿ ಎರಡು ಅಕ್ಷರವೋ ಇಸವಿಯೋ ಇದೆಯಾ ನೋಡಿ. ಪ್ರವಾಸಿ ಅಂಗಡಿಗಳಲ್ಲಿ ಸಿಗುವ ‘ಆಮಿಶ್ ಕ್ವಿಲ್ಟ್’ಗಳಲ್ಲಂತೂ ಎಷ್ಟೋ, 1980ರ ದಶಕದಿಂದ ಲ್ಯಾಂಕಾಸ್ಟರ್‌ನಲ್ಲಿ ನೆಲೆಸಿದ, ಆಗ್ನೇಯ ಏಷ್ಯಾದ ಮೋಂಗ್ ಜನಾಂಗದ ನಿರಾಶ್ರಿತ ಹೆಂಗಸರ ಕೈಕೆಲಸ. ಹೊಲಿಗೆ ಅಚ್ಚುಕಟ್ಟು, ಹೆಸರು ಮಾತ್ರ ಬೇರೆಯವರದ್ದು.

ಇನ್ನು ತಿರುವಿ ಕೂತ ಚೌಕ. ಬೇಕೆಂದೇ ಮಾಡುವ ತಪ್ಪಿನ ಈ ಕಥೆ ಎಲ್ಲ ಅಂಗಡಿಯಲ್ಲೂ ಇದೆ. ಕ್ವಿಲ್ಟಿನ ಇತಿಹಾಸ ಹುಡುಕಿದವರಿಗೆ ಅದಕ್ಕೆ ಆ ಕಾಲದ ಆಧಾರ ಸಿಕ್ಕಿಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಕೌದಿಯ ಮೂಲೆಗೆ ಬಟ್ಟೆಯ ತ್ರಿಕೋನ ಮಡಚಿ ‘ಫೂಲ’ ಇಡದೆ ಮುಗಿಸುವುದಿಲ್ಲ. ಏಕೆ ಅಂತ ಕೇಳಿದರೆ ಹೊಲಿಯುವವರೇ ಹೇಳುತ್ತಾರೆ. ಅದು ರೂಢಿ. ಈ ತಪ್ಪಿನ ಕಥೆ ಹೇಳುವವರು ಮಾತ್ರ ಬರೀ ಮಾರುವವರು. ನಾನಂತೂ ಸೀಮೆಎಣ್ಣೆ ದೀಪದ ಬೆಳಕಲ್ಲಿ ಅರವತ್ತನಾಲ್ಕು ಚೌಕ ಜೋಡಿಸುವಾಗ ಒಂದು ತಿರುಗಿಹೋಯಿತು ಅಂತಲೇ ನಂಬುತ್ತೇನೆ. ಬೇಕೆಂದೇ ತಪ್ಪು ಮಾಡಿ ವಿನಯ ತೋರಿಸುವುದರಲ್ಲಿ ಸ್ವಲ್ಪ ಜಂಭವೇ ಇದೆ, ಅಲ್ವಾ? ನಡುವಿನ ಕೆಂಪು ಮನೆಯ ಒಲೆಯ ಸಂಕೇತ, ಒಳಗಿನ ಅರಳೆಯಲ್ಲಿ ಬೀಜದ ಚೂರು ಕಂಡರೆ ಹತ್ತಿಯಿಂದ ಬೀಜ ಬಿಡಿಸುವ 1793ರ ಮಷಿನ್ನಿಗಿಂತ ಹಳೆಯದು ಎಂಬ ಮಾತುಗಳನ್ನೂ ಕೇಳುತ್ತೀರಿ. ಮೊದಲನೆಯದು ಆಮೇಲೆ ಕಟ್ಟಿದ್ದು, ಎರಡನೆಯದು ತಪ್ಪು. ಅಗ್ಗದ ಅರಳೆಯಲ್ಲಿ ಬೀಜದ ಚೂರು ಆಮೇಲೆಯೂ ಬರುತ್ತಲೇ ಇತ್ತು.

ಹಾಗಾದರೆ ಏನು ಮಾಡುವುದು? ಮೊದಲು ವಾಸನೆ. ಮಂಚದ ಮೇಲೆ ಒಗೆದ ಬಿಳಿ ಹೊದಿಕೆ ಹಾಸಿ, ಅದರ ಮೇಲೆ ಕ್ವಿಲ್ಟನ್ನು ಚಪ್ಪಟೆಯಾಗಿ ಹರವಿ. ಬಿಸಿಲು ಬೀಳದ, ಗಾಳಿ ಆಡುವ ಕೋಣೆ ಇರಲಿ. ನಾಲ್ಕೈದು ದಿನ ಬಿಡಿ. ಸೆಂಟು ಹೊಡೆಯಬೇಡಿ. ಧೂಳಿಗೆ ವ್ಯಾಕ್ಯೂಮ್ ಕ್ಲೀನರ್ ಬಳಸಬಹುದು. ಆದರೆ ನೇರವಾಗಿ ಬೇಡ. ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿಯ ತುಂಡಿಗೆ ಅಂಚು ಕಟ್ಟಿ, ಅದನ್ನು ಮೇಲಿಟ್ಟು, ಅತಿ ಕಡಿಮೆ ಎಳೆತದಲ್ಲಿ ಒಂದೊಂದೇ ಚೌಕ ಮಾಡಿ. ಉದುರುವ ಕಂದು ಪಟ್ಟಿ ಇರುವ ಜಾಗ ಬಿಟ್ಟುಬಿಡಿ. ಇಷ್ಟಕ್ಕೇ ಮುಕ್ಕಾಲು ವಾಸನೆ ಹೋಗುವುದನ್ನು ನೋಡಿದ್ದೇನೆ.

ಆಮೇಲೆ ಕಂದು ಪಟ್ಟಿ. ಹೊಸ ಬಟ್ಟೆ ಹಾಕಿ ಬದಲಿಸುವುದು ಬೇಡ. ಅಂಟು, ಇಸ್ತ್ರಿಯಲ್ಲಿ ಅಂಟಿಸುವ ಪಟ್ಟಿ ಖಂಡಿತ ಬೇಡ, ಅದು ಬಿಡಿಸಲಾಗದ ಕೆಲಸ. ನಾವು ಮಾಡುವುದು ಹೀಗೆ: ಕಂದಿಗೆ ಹೊಂದುವ ಬಣ್ಣದ, ಜೇಡರ ಬಲೆಯಷ್ಟು ತೆಳ್ಳನೆ ನೈಲಾನ್ ಜಾಲ ಅಥವಾ ರೇಷ್ಮೆಯ ತೆಳು ಬಟ್ಟೆಯನ್ನು ಪಟ್ಟಿಯ ಮೇಲೆ ಇಟ್ಟು, ಎರಡು ಪಟ್ಟಿ ಸೇರುವ ಸಂದಿಯಲ್ಲೇ ಸಣ್ಣ ಹೊಲಿಗೆ ಹಾಕುತ್ತೇವೆ. ಪುಡಿ ಒಳಗೇ ಉಳಿಯುತ್ತದೆ, ದೂರಕ್ಕೆ ನೆರಳು ನೆರಳಾಗಿಯೇ ಕಾಣುತ್ತದೆ. ಬೇಡ ಅನ್ನಿಸಿದರೆ ನಾಳೆ ಬಿಚ್ಚಬಹುದು. ಅಡಿಯಲ್ಲಿ ಗಟ್ಟಿ ಬಟ್ಟೆ ಇರುವ ಕಾರಣ ಲಾಗ್ ಕ್ಯಾಬಿನ್‌ಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ. ಕೈ ನಿಧಾನ ಇದ್ದರೆ ಒಂದು ಚೌಕ ನೀವೇ ಮಾಡಿ ನೋಡಬಹುದು. ಬಹಳ ಜಾಗ ಹಾಳಾಗಿದ್ದರೆ ಬಟ್ಟೆ ಸಂರಕ್ಷಕರಿಗೆ ಕೊಡಿ. ಖರ್ಚು ಗಂಟೆ ಲೆಕ್ಕದಲ್ಲಿ ಬರುತ್ತದೆ, ಕೊಂಡ ಬೆಲೆಗಿಂತ ಜಾಸ್ತಿಯೂ ಆಗಬಹುದು. ಮೊದಲೇ ಅಂದಾಜು ಕೇಳಿ. ಇದು ಬಣ್ಣದ ಉರಿತವನ್ನು ನಿಲ್ಲಿಸುವುದಿಲ್ಲ, ಉದುರುವುದನ್ನು ತಡೆಯುತ್ತದೆ ಅಷ್ಟೇ.

ದಿಂಬಿನ ಕವರ್ ವಿಚಾರ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಇಂಥ ಕ್ವಿಲ್ಟುಗಳನ್ನು ಚಿತ್ರಕಲೆಯ ಹಾಗೆ ಗೋಡೆಗೆ ಹಾಕಿ ತೋರಿಸಿತು. ಆ ಪ್ರದರ್ಶನದ ಕ್ವಿಲ್ಟುಗಳು ಈಗ ನೆಬ್ರಾಸ್ಕಾದ ಲಿಂಕನ್ ನಗರದ ಕ್ವಿಲ್ಟ್ ಮ್ಯೂಸಿಯಂನಲ್ಲಿವೆ. ಅವನ್ನು ಗೋಡೆಗೇರಿಸಿದ್ದು ಇಡೀ ವಿನ್ಯಾಸ. ನಿಮ್ಮದರಿಂದ ನಾಲ್ಕು ಚೌಕ ಕತ್ತರಿಸಿದರೆ ವಜ್ರದೊಳಗಿನ ವಜ್ರ ಸಿಗುವುದಿಲ್ಲ, ಒಂದಷ್ಟು ಪಟ್ಟಿ ಸಿಗುತ್ತದೆ. ಬೆನ್ನು ಒರಗಿಸಿದ ದಿಂಬಿನಿಂದ ಕಂದು ಪುಡಿ ಸೋಫಾ ಮೇಲೆ ಉದುರುತ್ತದೆ. ಆದರೂ ನಿಮ್ಮ ವಸ್ತು, ನಿಮ್ಮ ಇಷ್ಟ. ಮೊದಲು ಒಳ್ಳೆ ಬೆಳಕಲ್ಲಿ ಪೂರ್ತಿ ಫೋಟೋ ತೆಗೆದಿಟ್ಟುಕೊಳ್ಳಿ ಅಂತ ಮಾತ್ರ ಹೇಳುತ್ತೇನೆ. ಮಗುವಿಗೆ ಹೊದಿಸುವ ಯೋಚನೆ ಇದ್ದರೆ ಅದನ್ನು ಬಿಟ್ಟೇಬಿಡಿ. ಆ ಕಿತ್ತಳೆ ಹಳದಿ ‘ಕ್ರೋಮ್’ ಬಣ್ಣ ಆಗಿದ್ದರೆ ಅದರಲ್ಲಿ ಸೀಸ ಇರುತ್ತದೆ. ಮಕ್ಕಳು ಬಾಯಿಗೆ ಹಾಕಬಾರದು.

ಧಾರವಾಡಕ್ಕೆ ಒಯ್ಯುವುದಾದರೆ, ಹೊರಡುವ ಮುಂಚೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಡೀಪ್ ಫ್ರೀಜರ್‌ನಲ್ಲಿ, ಸುಮಾರು ಮೈನಸ್ 20 ಡಿಗ್ರಿಯಲ್ಲಿ, ಎರಡು ವಾರ ಇಡಿ. ಉಣ್ಣೆ ಇರುವ ಕಾರಣ ನುಸಿಯ ಮೊಟ್ಟೆ ಇರಬಹುದು. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆ ಮೇಲೆ ನೀರಿಳಿಯುತ್ತದೆ. ಆಮೇಲೆ ಪಾಲಿಥೀನ್ ಬೇಡ. ಊರಲ್ಲಿ ಡಾಂಬರು ಗುಳಿಗೆ ಹಾಕುವ ಅಭ್ಯಾಸವೂ ಇದಕ್ಕೆ ಬೇಡ. ಕಟ್ಟಿಗೆಯ ಪೆಟ್ಟಿಗೆಗಿಂತ ಕಬ್ಬಿಣದ ಬೀರು ವಾಸಿ. ಅದರಲ್ಲೂ ಹೊರಗೋಡೆಗೆ ಒತ್ತಿ ನಿಲ್ಲಿಸಬೇಡಿ, ಆಷಾಢ ಶ್ರಾವಣದ ಮಳೆಯಲ್ಲಿ ಆ ಗೋಡೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಮಡಚುವ ಕಡೆಯೆಲ್ಲ ಹಳೆ ಮೆತ್ತನೆ ಬಟ್ಟೆ ಸುರುಳಿ ಮಾಡಿ ಒಳಗಿಟ್ಟು ಮಡಚಿ, ಗೆರೆ ಬೀಳದ ಹಾಗೆ. ಮೂರು ತಿಂಗಳಿಗೊಮ್ಮೆ ತೆಗೆದು ಬೇರೆ ಜಾಗದಲ್ಲಿ ಮಡಚಿ. ಗೋಡೆಗೆ ಹಾಕುವ ಆಸೆ ಇದ್ದರೆ ಜಾಲ ಹಾಕಿಸಿದ ಮೇಲೆ, ಹಿಂಬದಿಗೆ ಅಗಲದ ಬಟ್ಟೆಯ ನಾಳ ಹೊಲಿಸಿ ಕೋಲು ತೂರಿಸಿ. ಕ್ಲಿಪ್ಪು, ಮೊಳೆ ಬೇಡ. ವರ್ಷಕ್ಕೆ ನಾಲ್ಕು ತಿಂಗಳು ಗೋಡೆ, ಉಳಿದದ್ದು ಬೀರು.

ಅಮ್ಮನ ಕೈ ಸುಮ್ನಿರುವುದಿಲ್ಲ ಅಂತ ನಿಮ್ಮ ಪತ್ರ ಓದಿದರೇ ಗೊತ್ತಾಗುತ್ತದೆ. ಅವರಿಗೊಂದು ಕೆಲಸ ಹೇಳಿ. ಮೂರ್ನಾಲ್ಕು ಸಲ ಒಗೆದ ಹಳೆ ಬಿಳಿ ಧೋತರ ತಗೊಂಡು ಕ್ವಿಲ್ಟ್ ಹಿಡಿಯುವಷ್ಟು ದೊಡ್ಡ ಚೀಲ ಹೊಲಿದುಕೊಡಲಿ, ಅಂಟುವಾಳ ಬೇಕಾದರೆ ಅದಕ್ಕೆ ಹಾಕಿ ಒಗೆಯಲಿ. ಗಂಜಿ ಮಾತ್ರ ಹಾಕದಿರಲಿ, ಗಂಜಿಗೆ ಸಿಲ್ವರ್‌ಫಿಶ್ ಹುಳ ಬರುತ್ತವೆ.